ಗಂಡುಮಕ್ಕಳಿಗೆ ಕೇಳದ ಹೂವು

ಹಿರೇಬೆಣಚಿಯ ಗದ್ದುಗೆ ಮಠದ ಹಜಾರದಲ್ಲಿ ಪೂಜ್ಯ ಗುರುಪಾದಯ್ಯಜ್ಜನವರು ಹರಕು ಕಂಬಳಿಯ ಮೇಲೆ ಕುಳಿತು ವಿಭೂತಿ ಗಟ್ಟಿಗಳನ್ನು ಒಣಹಾಕುತ್ತಿದ್ದರು. ಗದ್ದುಗೆಗೆ ಒದ್ದೆ ಹೂವು ಅಂಟಿಸಿ ದೇವರ ಅಪ್ಪಣೆ ಕೇಳುವುದು ಆ ಮಠದ ರೂಢಿ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ.

ಅಂದು ಶಿವಲಿಂಗಪ್ಪ ತನ್ನಿಬ್ಬರು ಹೆಣ್ಣುಮಕ್ಕಳೊಂದಿಗೆ ಬಂದ. ಕಿರಿಯವಳಾದ ಸುವರ್ಣಾಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ನಾಳೆಯೇ ಸೇರಬೇಕು. ಹಿರಿಯವಳಾದ ಶಾರವ್ವನ ಕಂಕುಳಲ್ಲಿ ಕೂಸು. ನಾಲ್ಕಾರು ವರ್ಷಗಳ ಹಿಂದೆ ಅವಳ ಎಂ.ಎಸ್ಸಿ.ಗೂ ಇಲ್ಲೇ ಹೂವು ಕೇಳಿದ್ದರು. ಎಡಕ್ಕೆ ಬಿತ್ತು. ಹಿಂದೆಯೇ ಮದುವೆ. ದೇವರೇ ಒಲ್ಲೆನೆಂದ ಮೇಲೆ ಯಾರ ಮೇಲೆ ಸಿಟ್ಟಾಗುವುದೆಂದು ಎಲ್ಲವನ್ನೂ ನುಂಗಿಕೊಂಡು ಬಾಳುವೆ ಮಾಡಿದ್ದಳು.

"ಹೂವು ಇಟ್ಟು ಕೇಳ್ರಿ ಅಜ್ಜಾರ. ದೇವರು ಬ್ಯಾಡ ಅಂದ್ರ ಬಿಟ್ಟಬಿಡತೀನಿ," ಎಂದ ಶಿವಲಿಂಗಪ್ಪ.

"ದೇವರಿಗಿಂತ ಮೊದಲ ಅಪ್ಪನ ಬ್ಯಾಡ ಅಂದಾನ," ಎಂದು ಸುವರ್ಣಾ ಅಕ್ಕನ ಕಿವಿಯಲ್ಲಿ ಉಸುರಿದಳು.

ಪೂಜ್ಯರು ತಲೆಯೆತ್ತಿದರು. "ಗಂಡಹುಡುಗರಿಬ್ಬರನ್ನೂ ಓದಾಕ ಕಳಿಸಿದೆಲ್ಲ ತಮ್ಮಾ, ಅವಾಗ ಹೂವು ಕೇಳಾಕ ಬಂದಿದ್ದೇನು?"

"ಅವರು ಗಂಡಮಕ್ಕಳು ಅಜ್ಜಾರ, ಅದಕ್ಕೇನು ಕೇಳೂದು?"

"ಹಂಗಾರ ಈ ಮಗಳಿಗೂ ಕೇಳೂದು ಬ್ಯಾಡ. ಕಳಿಸು. ನಿನ್ನ ಮಾತು ದೇವರ ಬಾಯಾಗ ಇಡಬ್ಯಾಡ."

ಶಾರವ್ವ ಕೂಸನ್ನು ಬಿಗಿಹಿಡಿದಳು. "ಮತ್ತ ನನ್ನ ಹೂವು, ಅಜ್ಜಾರ?"

ಪೂಜ್ಯರು ಕಂಬ ಹಿಡಿದು ಎದ್ದುನಿಂತರು.

"ಅವತ್ತ ಈ ಮಾತು ನಿಮ್ಮಪ್ಪಗ ನಾ ಕೇಳಲಿಲ್ಲ, ತಾಯಿ. ಕೇಳಬೇಕಾಗಿತ್ತು. ತಪ್ಪು ನಂದು, ದೇವರದಲ್ಲ."

ಹಾಗೆಂದು ಆ ಹೆಣ್ಣುಮಗಳ ಮುಂದೆ ತಲೆಬಾಗಿ ಕೈಮುಗಿದರು.

ಶಾರವ್ವ ಅಳಲಿಲ್ಲ. ಅಷ್ಟು ದೊಡ್ಡವರು ಕೈಮುಗಿದರೂ ಹೋದ ವರ್ಷಗಳು ಬರುವಂತಿರಲಿಲ್ಲ. ತಂದೆಯ ಕಡೆ ತಿರುಗಿ, "ನಾಳೆ ಇಕಿನ್ನ ನಾನ ಧಾರವಾಡಕ್ಕ ಕರಕೊಂಡು ಹೋಗತೀನಿ. ನೀ ಬರೂದಾದ್ರ ಬಾ," ಎಂದಳು. ಅವನೆದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಪೂಜ್ಯರು ಏನಾದರೂ ಹೇಳಿಯಾರೆಂದು ಶಿವಲಿಂಗಪ್ಪ ಅವರತ್ತ ನೋಡಿದ. ಅವರು ಇನ್ನೂ ಕೈಮುಗಿದೇ ನಿಂತಿದ್ದರು.

ಅಂದಿನಿಂದ ಪೂಜ್ಯರು ಯಾರ ಓದಿಗೂ ಹೂವು ಇಡಲಿಲ್ಲ.

ಮರುದಿನ ತಂಗಿಯನ್ನು ಸೇರಿಸಿ ಸಂಜೆಗೆ ಗಂಡನ ಮನೆಗೆ ಮರಳಿದ ಶಾರವ್ವನನ್ನು ಅತ್ತೆ ಹೊಸ್ತಿಲಲ್ಲೇ ತಡೆದು ಕೇಳಿದರು: "ಮಠದಾಗ ದೇವರು ಏನಂದ?"

"ದೇವರನ್ನ ಕೇಳಲಿಲ್ರಿ ಅತ್ತಿ. ನಾನ ಕಳಿಸಿ ಬಂದೆ," ಎಂದು ಶಾರವ್ವ ಕೂಸನ್ನು ಅವರ ಕೈಗಿತ್ತು ಒಳಗೆ ನಡೆದಳು.