ರೇಷ್ಮೆಯ ಮೇಲೆ ಕೂತ ಲ್ಯಾಪ್‌ಟಾಪ್

“ಅಜ್ಜಾರ, ನಿಮ್ಮ ಋಣ ನಾ ಹ್ಯಾಂಗ ತೀರಿಸ್ಲಿ?”

ಕೇಳಿದವನು ನಿರ್ವಾಣೆಪ್ಪ, ಮಠದ ಶಿಷ್ಯ. ಅವನಿಗೆ ಅನ್ನವಿಟ್ಟವರು, ಅಕ್ಷರ ಕಲಿಸಿದವರು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕುಳಿತವರು ಎಲ್ಲ ಅವನು ‘ಅಜ್ಜಾರ’ ಎಂದು ಕರೆಯುವ ಈ ಗುರುಗಳೇ. ಗುರುಗಳಿಗೆ ಈಚೆಗೆ ಕೆಮ್ಮು ಹಿಡಿದಿತ್ತು. ಅವನು ಬೆಳಿಗ್ಗೆಯೇ ಎದ್ದು ಅವರ ಪಾದಕ್ಕೆ ಹೂವೇರಿಸಿ, ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಹೆಗಲಿಗೆ ಇನ್ನೊಂದು ಶಾಲು ಹೊದಿಸಿ, ಲೋಬಾನದ ಹೊಗೆ ಹಾಕಿ, ಆಮೇಲೆ ಈ ಪ್ರಶ್ನೆ ಕೇಳಿದ್ದ. ಇಷ್ಟು ಮಾಡಿದರೂ ಸಾಲದೆಂಬ ಕೊರಗು ಅವನದು.

ಗುರುಗಳು ನಕ್ಕರು. ಸ್ವಲ್ಪ ಕೆಮ್ಮಿದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಲಗ್ನಪತ್ರಿಕೆ ಮಾಡುವುದು ಅವಳ ಕಸುಬು. ವಧೂವರರ ಹೆಸರು, ಮುಹೂರ್ತ, ಬೀಗರ ಸಾಲು ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಜೋಡಿಸಿ, ಅಂಚಿಗೆ ಬಳ್ಳಿ ಬಿಡಿಸಿ, ಅಚ್ಚಿಗೆ ಕಳಿಸುತ್ತಿದ್ದಳು. ಬೀಗರಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಮದುವೆಮನೆಯಲ್ಲಿ ಏನು ನಡೆಯುತ್ತದೆಂದು ಬಲ್ಲವರೇ ಬಲ್ಲರು. ಅವಳ ಪತ್ರಿಕೆಯಿಂದ ಅಂಥ ಜಗಳ ಒಂದೂ ಹುಟ್ಟಿರಲಿಲ್ಲ.

ಲ್ಯಾಪ್‌ಟಾಪ್ ಹಳೆಯದು. ಅವಳು ಮೊದಲು ದುಡಿಯುತ್ತಿದ್ದ ಮುದ್ರಣಾಲಯ ಮುಚ್ಚಿದಾಗ ಅದರ ಯಜಮಾನ, “ನಿನ್ನ ಕೈಗೆ ಹೊಂದಿದ್ದು, ನೀನೇ ಒಯ್ಯವಾ” ಎಂದು ಕೊಟ್ಟಿದ್ದ. ಅಲ್ಲಿಂದ ಮುಂದೆ ಮನೆಯ ಒಲೆ ಉರಿದದ್ದು ಅದರಿಂದ, ಮಗಳು ನರ್ಸಿಂಗ್ ಓದಿದ್ದು ಅದರಿಂದ. ಹೆಂಗಸು ಉಪ್ಪಿನ ಋಣ ಮರೆಯುವವಳಲ್ಲ. ಅದು ಬರಿಯ ಮೇಜಿನ ಮೇಲೆ ಕುಳಿತರೆ ಅವಳಿಗೆ ಸಂಕಟ. ತನ್ನ ಮದುವೆಯ ರೇಷ್ಮೆ ಸೀರೆಯನ್ನೇ ಮಡಿಕೆ ಮಾಡಿ ಅದರ ಅಡಿಗೆ ಮೆತ್ತಗೆ ಹಾಸಿದಳು. ಶುಕ್ರವಾರ ಬಂತೆಂದರೆ ಅರಿಸಿನ, ಕುಂಕುಮ, ಅಕ್ಷತೆ, ಬದಿಯಲ್ಲಿ ಊದಿನಕಡ್ಡಿ. ಆಯುಧಪೂಜೆಯ ದಿನವಂತೂ ಚೆಂಡು ಹೂವಿನ ರಾಶಿಯಲ್ಲಿ ಲ್ಯಾಪ್‌ಟಾಪ್ ಎಲ್ಲಿದೆಯೆಂದು ಹುಡುಕಬೇಕಾಗುತ್ತಿತ್ತು.

ಬರಬರುತ್ತ ಅದು ಮುಗ್ಗರಿಸತೊಡಗಿತು. ಬೆಳಿಗ್ಗೆ ಚಾಲೂ ಮಾಡಿದರೆ ಅವಳು ಸ್ನಾನ ಮುಗಿಸಿ ಬರುವ ಹೊತ್ತಿಗೆ ಏಳುತ್ತಿತ್ತು. ಕೆಲಸದ ನಡುವೆ ಬಿಸಿಯಾಗಿ, ಬುಸುಗುಟ್ಟಿ, ಪಟ್ಟನೆ ಆರಿಹೋಗುತ್ತಿತ್ತು. ಜೋಡಿಸಿದ ಬೀಗರೆಲ್ಲ ಮಾಯ. ಗಿರಾಕಿಗಳು ಕಾದು ಕಾದು ಪಕ್ಕದ ಓಣಿಯ ಅಂಗಡಿಗೆ ನಡೆದರು. ಇನ್ನೊಂದು ಲಗ್ನದ ಸುಗ್ಗಿ ಹೀಗೇ ಕಳೆದರೆ ಕಸುಬು ಕೈಬಿಟ್ಟಂತೆಯೇ ಎಂದು ಅವಳಿಗೆ ಗೊತ್ತಿತ್ತು.

“ಗುಜರಿಗೆ ಹಾಕಿ ಹೊಸಾದು ತಗೋಬಾರ್ದ?” ಎಂದು ಕಂಡವರೆಲ್ಲ ಹೇಳಿದರು. ಹೇಳುವವರಿಗೇನು? ಹೊಸದು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಇದ್ದಿದ್ದರೂ ದುಡಿದ ಎತ್ತನ್ನು ಕಟುಕನಿಗೆ ಕೊಡುವ ಮನಸ್ಸಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹಳೆಯದಕ್ಕೇ ಹೊಸ ಭಾಗ ಹಾಕಿಸುವುದೆಂದು ನಿಶ್ಚಯಿಸಿದಳು. ಒಬ್ಬರು ರ‍್ಯಾಮ್ ಹೆಚ್ಚಿಸು ಎಂದರು. ಇನ್ನೊಬ್ಬರು ಹಳೆಯ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಸು, ಕುದುರೆಯಂತೆ ಓಡುತ್ತದೆ ಎಂದರು. ಎರಡನ್ನೂ ಹಾಕಿಸಲು ಕೈ ಸಾಲದು. ಒಂದೇ ಆಗುವುದಾದರೆ ಎಸ್‌ಎಸ್‌ಡಿಯೇ ಆಗಲಿ ಎಂದು ರಿಪೇರಿ ಅಂಗಡಿಯವನು ಹೇಳಿದ. ತಳದ ಚಿಕ್ಕ ಮುಚ್ಚಳ ತೆಗೆದು, ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿ ಕೂರಿಸಿ ಕೊಟ್ಟ.

ಗುಂಡಿ ಒತ್ತಿ ಕಣ್ಣು ಪಿಳುಕಿಸುವುದರೊಳಗೆ ಪರದೆ ಬೆಳಗಿತು. ಹೆಂಗಸಿಗೆ ಸ್ವರ್ಗ ಮೂರೇ ಗೇಣು. ಮನೆಗೆ ಬಂದವಳೇ ತೆಂಗಿನಕಾಯಿ ಒಡೆದಳು. ರೇಷ್ಮೆಗೆ ಇನ್ನೊಂದು ಮಡಿಕೆ ಕೂಡಿಸಿದಳು. ಒಂದು ಊದಿನಕಡ್ಡಿ ಹಚ್ಚುತ್ತಿದ್ದಲ್ಲಿ ಒಂದು ಹಿಡಿ ಹಚ್ಚಿದಳು. ಸತ್ತು ಬದುಕಿ ಬಂದವರಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಆ ವಾರವೇ ಊರ ಹೆಡ್‌ಮಾಸ್ತರರ ಮಗಳ ಲಗ್ನಪತ್ರಿಕೆಯ ಕೆಲಸ ಬಂತು. ಇದೊಂದು ಚೆನ್ನಾಗಿ ಆದರೆ ಹೋದ ಗಿರಾಕಿಗಳೆಲ್ಲ ತಿರುಗಿ ಬರುತ್ತಾರೆ. ಮಾರನೆಯ ದಿನ ಅಚ್ಚಿಗೆ ಹೋಗಬೇಕು. ಬೀಗರ ಸಾಲು ಅರ್ಧಕ್ಕೆ ಬಂದಿತ್ತು. ಲ್ಯಾಪ್‌ಟಾಪ್ ಬುಸುಗುಟ್ಟಿತು, ಆರಿತು. ಮತ್ತೆ ಚಾಲೂ ಮಾಡಿದಳು. ಮತ್ತೆ ಆರಿತು. ಮೊದಲು ತಡವಾಗಿ ಎದ್ದು ಬೀಳುತ್ತಿತ್ತು, ಈಗ ಬೇಗ ಎದ್ದು ಬೀಳುತ್ತಿತ್ತು. ಕೈಯಲ್ಲಿದ್ದುದೆಲ್ಲ ಆ ಒಂದು ಭಾಗಕ್ಕೇ ಹೋಗಿತ್ತು.

ಮೋಸ ಹೋದೆನೆಂಬ ಸಿಟ್ಟಿನಿಂದ ಅವಳು ಅಂಗಡಿಗೆ ನಡೆದಳು. ಸಿಟ್ಟು ಬಾಗಿಲವರೆಗೆ ಇತ್ತು, ಒಳಗೆ ಕಾಲಿಟ್ಟಾಗ ಅಳು ಬಂತು. ರಿಪೇರಿಯವನು ಈ ಸಲ ಇಡೀ ತಳವನ್ನೇ ಬಿಚ್ಚಿದ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಒಳಗಿನ ಫ್ಯಾನಿಗೆ ಬ್ರಶ್ಶು ಆಡಿಸಿದ. ಕುಂಕುಮ ಉದುರಿತು. ಅರಿಸಿನ ಉದುರಿತು. ಊದಿನಕಡ್ಡಿಯ ಬೂದಿ ಗಟ್ಟಿಯಾಗಿ ಹಕ್ಕಳೆಯಂತೆ ಎದ್ದು ಬಂತು. ಒಣಗಿದ ಹೂವಿನ ಎಸಳು, ರೇಷ್ಮೆಯ ಎಳೆ, ಕೊನೆಗೆ ರೆಕ್ಕೆಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಅಕ್ಷತೆಯ ಕಾಳು. ಇನ್ನೊಂದು ಪೂಜೆಗೆ ಸಾಕಾಗುವಷ್ಟು ಸಾಮಗ್ರಿ ಪೇಪರಿನ ಮೇಲೆ ಬಿತ್ತು.

“ಅಕ್ಕಾರ, ಇದಕ್ಕ ಪೂಜಾ ಮಾಡ್ತೀರೇನ್ರಿ?”

“ಮಾಡಲಾರ್ದ ಹ್ಯಾಂಗ ಇರ್ಲೆಪ್ಪಾ? ನನ್ನ ಮನಿ ನಡಸಿದ್ದು ಇದು.”

“ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇದು ತಳದಿಂದ ಗಾಳಿ ಎಳಕೊಂತೈತ್ರಿ. ನೀವು ತಳಕ್ಕ ರೇಷ್ಮಿ ಹಾಸಿ, ಮಗ್ಗಲಿಗೆ ಹೊಗಿ ಹಾಕೀರಿ. ಮೊದಲನೇ ಸಲಾನೇ ನಾನೂ ಪೂರಾ ಬಿಚ್ಚಿ ನೋಡ್ಬೇಕಾಗಿತ್ತು. ಇಷ್ಟು ದಿನ ಇದು ಹ್ಯಾಂಗ ದುಡೀತೋ ಏನೋ!”

ಹೆಂಗಸು ಪೇಪರಿನ ಕಡೆ ನೋಡಿದಳು. ಮೊದಲು ನಾಚಿಕೆಯಾಯಿತು. ಆಮೇಲೆ ಎದೆ ತುಂಬಿ ಬಂತು. ಅದಕ್ಕೆ ವಯಸ್ಸಾಯಿತೆಂದು ಅವಳು ತಿಳಿದಿದ್ದಳು. ಅದು ಉಸಿರು ಕಟ್ಟಿಕೊಂಡೇ ಅವಳ ಮನೆಗಾಗಿ ದುಡಿದಿತ್ತು. ಅವನ ಕೈಯಿಂದ ಬ್ರಶ್ಶು ಇಸಿದುಕೊಂಡು ಉಳಿದ ಸಂದುಗೊಂದುಗಳ ಧೂಳನ್ನು ತಾನೇ ತೆಗೆದಳು. ಮಗಳ ತಲೆ ಬಾಚುವಾಗಲೂ ಅಷ್ಟು ಮೆಲ್ಲಗೆ ಬಾಚಿದವಳಲ್ಲ.

ಮನೆಗೆ ಬಂದು ಲ್ಯಾಪ್‌ಟಾಪನ್ನು ಬರಿಯ ಮೇಜಿನ ಮೇಲಿಟ್ಟಳು. ಅಡಿಯಲ್ಲಿ ಗಾಳಿ ಆಡಲೆಂದು ಎರಡು ಮರದ ಪಟ್ಟಿ ಕೊಟ್ಟಳು. ಬೀಗರೆಲ್ಲ ಒಬ್ಬೊಬ್ಬರಾಗಿ ಸಾಲಿಗೆ ಬಂದು ನಿಂತರು. ಅದು ಒಮ್ಮೆಯೂ ಬುಸುಗುಟ್ಟಲಿಲ್ಲ. ಪತ್ರಿಕೆ ಹೇಳಿದ ದಿನವೇ ಅಚ್ಚಿಗೆ ಹೋಯಿತು. ಮದುವೆಯ ದಿನ ಹೆಡ್‌ಮಾಸ್ತರರು ಅವಳನ್ನು ಕರೆದು ಬೀಗರ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದರು. ಅವಳು ಅದೇ ರೇಷ್ಮೆ ಸೀರೆ ಉಟ್ಟು ಹೋಗಿದ್ದಳು. ಅದನ್ನು ಉಡದೆ ಎಷ್ಟೋ ವರ್ಷವಾಗಿತ್ತು. ಮಡಿಕೆಯ ಗೆರೆ ಮಾತ್ರ ಇಸ್ತ್ರಿಗೂ ಬಗ್ಗಿರಲಿಲ್ಲ.

ಮುಂದಿನ ಆಯುಧಪೂಜೆಗೆ ಅವಳು ಬ್ರಶ್ಶು ಹಿಡಿದು ಕುಳಿತಳು. ಎಲ್ಲ ಸ್ವಚ್ಛವಾದ ಮೇಲೆ ಮುಚ್ಚಳದ ಮೇಲೆ ಒಂದೇ ಬೊಟ್ಟು ಕುಂಕುಮವಿಟ್ಟು ಕೈಮುಗಿದಳು.

ಗುರುಗಳು ಕತೆ ನಿಲ್ಲಿಸಿದರು. ಕೆಮ್ಮು ಬಂತು, ಬೇಗ ಬಿಡಲಿಲ್ಲ.

ನಿರ್ವಾಣೆಪ್ಪನ ಕಣ್ಣು ಒದ್ದೆಯಾಗಿತ್ತು. ಆ ಹೆಂಗಸಿನ ಮನಸ್ಸು ಎಷ್ಟು ದೊಡ್ಡದೆಂದು ಅವನಿಗೆ ಅನಿಸಿತು. ಆದರೆ ತನ್ನ ಪ್ರಶ್ನೆಗೆ ಇದರಲ್ಲಿ ಉತ್ತರವೆಲ್ಲಿದೆ ಎಂದು ತಿಳಿಯಲಿಲ್ಲ. ಎದುರಿಗೆ ಕೆಂಡ ಮಂಕಾಗಿತ್ತು. ಇನ್ನೊಂದು ಚಿಟಿಕೆ ಲೋಬಾನ ಹಾಕಲು ಕೈ ಚಾಚುತ್ತ ಕೇಳಿದ.

“ಅಕೀ ಕತಿ ಭಾಳ ಚಲೋ ಐತ್ರಿ ಅಜ್ಜಾರ. ನನ್ನ ಋಣದ ಮಾತು ಹೇಳ್ರಿ.”

ಗುರುಗಳು ತಮ್ಮ ಹೆಗಲ ಮೇಲಿನ ಎರಡನೆಯ ಶಾಲು ತೆಗೆದು ಪ್ರೀತಿಯಿಂದ ಅವನಿಗೇ ಹೊದಿಸಿದರು.

“ಆ ಕಿಟಕಿ ತಗೀಯಪ್ಪಾ, ತೀರ್ತೈತಿ.”