ಬೀಗರ ಮನೆಗೆ ಹೋದ ಗೊಂಬೆ

ನಂಬೋದಿಲ್ಲ ಅನ್ನುವ ಗಂಡಸಿದ್ದರೆ ಈಗಲೇ ಎದ್ದು ಹೇಳಲಿ: ಆನೆಯಂಥ ಜಟ್ಟಿಯೊಬ್ಬ ಒಂದು ಮರದ ಗೊಂಬೆಗಾಗಿ ಹೊಳೆದಂಡೆಯಲ್ಲಿ ಕೂತು ಅತ್ತ.

ಅವನು ಗುಡ್ಡಪ್ಪ. ಅವನು ಹಾಕಿದ ಪಟ್ಟು ಬಿಡಿಸುವವನು ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ. ಗುರುತಾಯಿ ಚೆನ್ನಾಂಬೆಯವರ ಆಶ್ರಮಕ್ಕೆ ಬಂದವನೇ, ಹೊಲ ಬಿಟ್ಟೆ, ಗರಡಿ ಬಿಟ್ಟೆ, ಇನ್ನು ದೀಕ್ಷೆ ಕೊಡಿ ಅಂದ.

"ಗಂಟಿನಲ್ಲಿ ಏನಿದೆ?" ಅಂದರು ತಾಯಿ.

ಮರದ ಹೆಣ್ಣುಗೊಂಬೆ ಇತ್ತು. ಚಿಕ್ಕಂದಿನಲ್ಲಿ ಅದನ್ನು ತಬ್ಬಿಕೊಳ್ಳದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಒಡಹುಟ್ಟಿದ ತಂಗಿಗೂ ಮುಟ್ಟಗೊಟ್ಟವನಲ್ಲ.

ಅಷ್ಟರಲ್ಲಿ ಅಂಬಿಗರ ಹುಡುಗಿ ನಿಂಗಿ, ತನ್ನ ಬಟ್ಟೆಯ ಗಂಡುಗೊಂಬೆಗೆ ಹೆಣ್ಣು ಹುಡುಕುತ್ತ ಬಂದಳು. ತಾಯಿ ಗುಡ್ಡಪ್ಪನ ಮುಖ ನೋಡಿದರು. ದೀಕ್ಷೆಯ ಆಸೆ, ತನ್ನ ಗೊಂಬೆಯನ್ನು ಮದುವೆ ಮಾಡಿಕೊಡಲು ಒಪ್ಪಿಕೊಂಡ.

ಮಕ್ಕಳು ಬಾಯಲ್ಲೇ ಓಲಗ ಊದಿದರು. ಗುಡ್ಡಪ್ಪನೇ ಧಾರೆ ಎರೆದ. ಮದುವಣಗಿತ್ತಿ ನಿಂಗಿಯ ಮನೆಗೆ ಹೋದಳು. ನನ್ನ ಹಾಗೆ ಕೊಡುವವರು ಯಾರಿದ್ದಾರೆ ಎಂದು ಇವನು ಆಶ್ರಮವಿಡೀ ಹೇಳಿಕೊಂಡು ತಿರುಗಿದ.

ಮರುದಿನದಿಂದ ಆಸಾಮಿ ನಿಂಗಿಯ ಬಾಗಿಲಲ್ಲೇ. ನೀರು ಸೋಕಿಸಬೇಡ, ಬಣ್ಣ ಹೋಗುತ್ತೆ. ಕೈ ಹಿಡಿದು ಎಳೀಬೇಡ. ಬಿಸಿಲಿಗೆ ಇಡಬೇಡ.

ಕೊನೆಗೆ ನಿಂಗಿ ಗೊಂಬೆಯನ್ನು ತಂದು ಅವನ ಮಡಿಲಿಗೆ ಹಾಕಿದಳು. "ತಗೊಳ್ಳಿ ಬೀಗರೇ. ನಿಮ್ಮ ಮಗಳನ್ನ ನೀವೇ ಇಟ್ಕೊಳ್ಳಿ. ನಮಗೆ ಆಟ ಆಡೋಕೇ ಆಗಲ್ಲ."

ಗುಡ್ಡಪ್ಪ ಕುಸ್ತಿ ಗೆದ್ದವನಂತೆ ಬಂದ. "ನಾನು ಕೊಟ್ಟೆ ತಾಯಿ, ಅವಳೇ ಬೇಡ ಅಂದಳು."

"ನೀನೆಲ್ಲಿ ಕೊಟ್ಟೆ?" ಅಂದರು ತಾಯಿ. "ಆ ಮಗುವನ್ನ ನಿನ್ನ ಗೊಂಬೆಯ ಕಾವಲಿಗೆ ಇಟ್ಟಿದ್ದೆ, ಅಷ್ಟೆ."

ಹೊಳೆದಂಡೆಯಲ್ಲಿ ಕೂತು ಅತ್ತದ್ದು ಆವತ್ತೇ. ಅತ್ತು, ಮುಖ ತೊಳೆದು, ಹೋಗಿ ಗೊಂಬೆಯನ್ನು ನಿಂಗಿಯ ಕೈಗಿಟ್ಟ. ಈ ಸಲ ನೀರು, ಬಿಸಿಲು ಅಂತ ಒಂದು ಎಚ್ಚರಿಕೆಯನ್ನೂ ಹೇಳಲಿಲ್ಲ. ಭಲೇ ಗಂಡು, ಮತ್ತೆ ಆ ದಾರಿಗೆ ತಲೆ ಹಾಕಲಿಲ್ಲ.

ಮಳೆಗಾಲ ಬಂತು, ಹೋಯಿತು. ಒಂದು ದಿನ ನಿಂಗಿಯೇ ಬಂದು ಬೀಗರೂಟಕ್ಕೆ ಕರೆದಳು.

ಗೊಂಬೆಯ ಮೂಗು ಸವೆದಿತ್ತು, ಬಣ್ಣ ಪೂರ್ತಿ ಹೋಗಿತ್ತು. ಕೇರಿಯ ಮಕ್ಕಳೆಲ್ಲ ಅದನ್ನು ಕಂಕುಳಿಂದ ಕಂಕುಳಿಗೆ ದಾಟಿಸಿ ಮುದ್ದಾಡುತ್ತಿದ್ದರು. ಗುಡ್ಡಪ್ಪ ಕಣ್ತುಂಬ ನೋಡಿದ. "ನನ್ನ ಮಗಳು ಚೆನ್ನಾಗಿ ಬಾಳ್ತಾ ಇದಾಳೆ" ಅಂದ.

ಆಶ್ರಮಕ್ಕೆ ಮರಳಿದಾಗ ತಾಯಿ ಕೇಳಿದರು: "ಏನು ಬಡಿಸಿದರು?"

"ಮುತ್ತುಗದ ಎಲೆಯಲ್ಲಿ ಒಂದು ಹಿಡಿ ಮರಳು."

"ಸಾಕಾಯಿತೇ?"

"ಹೊಟ್ಟೆ ತುಂಬಿತು, ತಾಯಿ."

"ಹಾಗಾದರೆ ದೀಕ್ಷೆಯನ್ನು ನಿಂಗಿಯೇ ಕೊಟ್ಟುಬಿಟ್ಟಳು. ಹೋಗಿ ಕೈ ತೊಳಕೋ."