ಬಾವಿಯಲ್ಲಿ ಇಲ್ಲದ ಕೊಡ

ನಂಬುವುದಿಲ್ಲ ಅನ್ನುವವರು ನಮ್ಮ ಮುದ್ದನಕಟ್ಟೆಗೆ ಬಂದು ನನ್ನೆದುರು ನಿಂತು ಹೇಳಲಿ, ನೋಡೋಣ. ಪೂಜ್ಯ ಮಾತೆ ಬಯಲಮ್ಮನವರ ಈ ಪ್ರಸಂಗವನ್ನು ಅವರಿವರಿಂದ ಕೇಳಿ ಬರೆಯುತ್ತಿಲ್ಲ. ಕಣ್ಣಾರೆ ಕಂಡವನು ನಾನು, ದೊರೆಸ್ವಾಮಿ. ಬಾವಿಗೆ ಧುಮುಕಿ ಒಂದೇ ಉಸಿರಿಗೆ ತಳದ ಕೆಸರು ಹಿಡಿದು ಮೇಲೇಳುವ ಗಂಡು ಸುತ್ತ ಏಳೂರಲ್ಲಿ ನಾನೊಬ್ಬನೇ.

ಅಮ್ಮನವರು ಊರಾಚೆ ಹುಣಸೆತೋಪಿನ ಗುಡಿಸಿಲಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಒಲೆ, ಬಾಗಿಲ ಪಕ್ಕ ತೂಗುಹಾಕಿದ ಪಾತಾಳಗರಡಿ. ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ಕೊಕ್ಕೆಗಳಿಂದ ಹಿಡಿದೆತ್ತುವ ಆ ಕಬ್ಬಿಣದ ಗೊಂಚಲನ್ನು ಯಾರೋ ಭಕ್ತರು ಒಪ್ಪಿಸಿದ್ದರು. ಊರಿಗೆಲ್ಲ ಅದೊಂದೇ. ಒಯ್ಯುವವರು ಮನೆಯ ಒಂದು ಪಾತ್ರೆಯನ್ನು ಒತ್ತೆ ಇಡಬೇಕು, ಇಲ್ಲದಿದ್ದರೆ ಗರಡಿ ತಿರುಗಿ ಬರುವುದಿಲ್ಲ. ಅಮ್ಮನವರು ಒತ್ತೆಯ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಮ್ಮ ಕೈಯಾರೆ ಬೆಳಗಿ, ಥಳಥಳ ಹೊಳೆಯುವಂತೆ ಮಾಡಿ ಹಿಂದಿರುಗಿಸುತ್ತಿದ್ದರು. ಯಾರದೇ ಪಾತ್ರೆಯಾಗಲಿ.

ಪೂರ್ವಾಶ್ರಮದಲ್ಲಿ ಅವರು ನನ್ನನ್ನು ಹೆತ್ತವರು. ಅಪ್ಪ ತೀರಿಕೊಂಡು, ನನ್ನ ಮೀಸೆ ಚಿಗುರಿದ ಮೇಲೆ ಗುರುಗಳಿಂದ ಕಾವಿ ಪಡೆದು ಮನೆ ಬಿಟ್ಟರು. ಬಂದವರನ್ನೆಲ್ಲ "ಏನು ಮಗನೇ" ಎಂದೇ ಕೇಳುತ್ತಿದ್ದರು. ನನ್ನನ್ನೂ ಹಾಗೆಯೇ. ಅದೇ ಮಾತು, ಅದೇ ದನಿ. ದಾರಿಹೋಕನಿಗೆ ಎಷ್ಟೋ ನನಗೂ ಅಷ್ಟೇ.

ಮನೆಯಲ್ಲಿ ನಾನೊಬ್ಬನೇ. ಮುದ್ದೆ ತಿರುವಿದರೆ ಗಂಟು, ಹಾಲು ಕಾಯಿಸಿದರೆ ಅರ್ಧ ಒಲೆಗೇ ನೈವೇದ್ಯ. ಅತ್ತುಕೊಂಡು ಹೋಗಿ ಕಾಲು ಹಿಡಿಯುವ ಜಾತಿಯವನಲ್ಲ ನಾನು. ಹಾಗಾಗಿ ನಮ್ಮ ಮನೆಯ ಪಾತ್ರೆಗಳು ಬಾವಿಗೆ ಬೀಳತೊಡಗಿದವು. ಧುಮುಕಿದರೆ ಚಿಟಿಕೆ ಹೊಡೆಯುವುದರಲ್ಲಿ ತರಬಲ್ಲವನು, ಒತ್ತೆಗೆ ಚೊಂಬು ಹಿಡಿದು ಗರಡಿ ಕೇಳಲು ತೋಪಿಗೆ ಹೋಗುತ್ತಿದ್ದೆ. ಅವರು ಬೆಳಗಿಕೊಟ್ಟ ಚೊಂಬಿನಲ್ಲಿ, ಅದು ಮಂಕಾಗುವವರೆಗೆ ನೀರು ಕುಡಿಯುತ್ತಿದ್ದೆ. ಮಂಕಾಯಿತೋ, ಇನ್ನೊಂದು ಬಿಂದಿಗೆ ಬಾವಿಗೆ.

ಪಕ್ಕದ ಮನೆಯ ದ್ಯಾವಕ್ಕನ ಬಾಯಿ ಸುಮ್ಮನಿದ್ದೀತೇ? "ಲೋ ದೊರೆ, ನಿಮ್ಮನೆ ಬಾವಿಗೆ ಬಸುರಿ ಬಯಕೆ ಏನ್ಲಾ? ವಾರವಾರ ತಾಮ್ರ ಕೇಳ್ತೈತಲ್ಲ!"

"ನಿನ್ ಕೊಡ ಬಿದ್ದಾಗ ನನ್ನನ್ನೇ ಕರೀತೀಯ ಬಿಡಕ್ಕ, ಆಗ ನಗ್ತೀನಿ" ಎಂದೆ.

ಶ್ರಾವಣದ ಒಂದು ಸೋಮವಾರ, ಕೊಡ ಬೀಳಿಸುವಷ್ಟು ತಾಳ್ಮೆಯೂ ನನಗೆ ಉಳಿಯಲಿಲ್ಲ. ಪಾತ್ರೆಗಳೆಲ್ಲ ಮನೆಯಲ್ಲೇ ಇದ್ದವು. ಬರಿಗೈಯಲ್ಲಿ ತೋಪಿಗೆ ಹೋಗಿ, "ಕೊಡ ಬಾವಿಗೆ ಬಿತ್ತು" ಎಂದುಬಿಟ್ಟೆ.

ಅಮ್ಮನವರು ಸಗಣಿ ಹಾಕಿ ನೆಲ ಸಾರಿಸುತ್ತಿದ್ದರು. ಅರ್ಧಕ್ಕೆ ಬಿಟ್ಟು ಎದ್ದು ಕೈ ತೊಳೆದರು. ಒತ್ತೆ ಕೇಳಲಿಲ್ಲ. ಗರಡಿಯನ್ನು ತಾವೇ ಹೆಗಲಿಗೇರಿಸಿ, "ನಡಿ ಮಗನೇ, ಇವತ್ತು ನಾನೇ ತೆಗೀತೀನಿ" ಎಂದರು.

ಮನೆ ಬಿಟ್ಟ ಮೇಲೆ ನಮ್ಮ ಬೀದಿಯನ್ನೂ ತುಳಿಯದವರು ಅಂದು ಹಿಂದಿನ ದಾರಿಯಿಂದ ಹಿತ್ತಿಲಿಗೆ ಬಂದರು. ಬಾವಿಕಟ್ಟೆಯ ಮೇಲೆ ನಿಂತು ಗರಡಿ ಇಳಿಬಿಟ್ಟರು. ಎಳೆದರು. ಕೊಳೆತ ಎಲೆ ಬಂತು. ಮತ್ತೆ ಬಿಟ್ಟರು. ಕೆಸರು ಬಂತು. ಬಾವಿಯ ಒಂದೊಂದು ಮೂಲೆಯನ್ನೂ ತಡಕಿದರು. ಬಿಸಿಲು ನೆತ್ತಿಗೇರಿತು.

"ನೀವು ಬಿಡಿ ತಾಯಿ, ಅವ್ನೇ ಧುಮುಕ್ಲಿ. ಮೀನಿನ ಮರಿ ಅಂತಾನಲ್ಲ!" ಎಂದಳು ದ್ಯಾವಕ್ಕ ಬೇಲಿಯಾಚೆಯಿಂದ.

ಹಗ್ಗ ಉಜ್ಜಿ ಅಮ್ಮನವರ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಆದರೂ ಗರಡಿ ಇಳಿಯುತ್ತಲೇ ಇತ್ತು. ನನ್ನಿಂದ ನೋಡಲಾಗಲಿಲ್ಲ. ಹಗ್ಗವನ್ನು ಹಿಡಿದುಬಿಟ್ಟೆ.

"ಅವ್ವಾ, ಏನೂ ಬಿದ್ದಿಲ್ಲ. ಸುಳ್ಳು ಹೇಳ್ದೆ."

"ಗೊತ್ತು" ಎಂದರು.

"ಮತ್ಯಾಕವ್ವ ಹುಡುಕ್ದೆ?"

"ನೀನು ಕಳಕೊಂಡಿದ್ದೀನಿ ಅಂತ ಬಂದ್ಯಲ್ಲ, ಮಗನೇ."

ಏಳೂರಿನ ಗಂಡು ನಾನು, ಬಾವಿಕಟ್ಟೆಗೆ ಹಣೆಯೂರಿ ಮಗುವಿನ ಹಾಗೆ ಅತ್ತೆ. ದ್ಯಾವಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು, ನಗು ತಡೆಯಲಿಕ್ಕಲ್ಲ.

ಅಮ್ಮನವರು ಹಗ್ಗ ಸುತ್ತಿಕೊಂಡರು. "ಇನ್ನು ಏನೂ ಬೀಳಿಸಬೇಡ. ಬೆಳಗ್ಗೆ ಒಂದು ಕೊಡ ನೀರು ತಂದುಹಾಕು" ಎಂದರು. ಮನೆಯೊಳಗೆ ಕಾಲಿಡದೆ, ಬಂದ ದಾರಿಯಲ್ಲೇ ಹೊರಟರು. ಅರ್ಧ ಸಾರಿಸಿದ ನೆಲ ಅವರಿಗಾಗಿ ಕಾದಿತ್ತು.

ಅವರು ಇಂದಿಗೂ ಎಲ್ಲರನ್ನೂ ಮಗನೇ ಎನ್ನುತ್ತಾರೆ, ನನ್ನನ್ನೂ ಅದೇ ದನಿಯಲ್ಲಿ. ಇನ್ನೊಂದು ದನಿಯಲ್ಲಿ ಕರೆದಾರೆಂಬ ಆಸೆ ಹೋಗಿದೆ ಎಂದರೆ ಅದೂ ಸುಳ್ಳಾದೀತು. ನನಗೆ ಕೊನೆಗೆ ದೊರೆತದ್ದು ಅಮ್ಮನವರ ಗುಡಿಸಿಲಿಗೆ ದಿನವೂ ಬೆಳಗ್ಗೆ ಒಂದು ಕೊಡ ನೀರು ಹೊರುವ ಕೆಲಸ.